ಕುಚ್ಚು ಕಟ್ಟುವ ಮನೆಯಲ್ಲಿ ಬೆಕ್ಕು

ನಾನು ಸೀರೆಗೆ ಕುಚ್ಚು ಕಟ್ಟುವವಳು. ಮೈಸೂರಿನ ಬಾಡಿಗೆ ಮನೆಯ ನಡುಮನೆಯೇ ನನ್ನ ಕಾರ್ಖಾನೆ. ಸೆರಗಿನ ಅಂಚನ್ನು ಮೇಜಿನ ತುದಿಗೆ ಪಿನ್ನು ಹಾಕಿ ಬಿಗಿದು, ರೇಷ್ಮೆ ಎಳೆಗಳನ್ನು ಗಂಟು ಹಾಕುತ್ತಾ ಹೋದರೆ ಕೆಳಗೆ ಅರವತ್ತು ಎಪ್ಪತ್ತು ಕುಚ್ಚುಗಳು ಸಾಲಾಗಿ ತೂಗುತ್ತವೆ. ಫ್ಯಾನಿನ ಗಾಳಿಗೆ ಒಮ್ಮೆ ಈಚೆ, ಒಮ್ಮೆ ಆಚೆ. ಇಂಥ ಮನೆಯಲ್ಲಿ ಬೆಕ್ಕು ಸಾಕುವುದೆಂದರೆ ಬೆಲ್ಲದ ಅಂಗಡಿಗೆ ಇರುವೆಯನ್ನು ಕಾವಲಿಟ್ಟ ಹಾಗೆ. ಆದರೆ ಸಾಕಬೇಕೆಂದು ನಾವೇನೂ ಕೂತು ಯೋಚಿಸಿರಲಿಲ್ಲ. ಐದು ವರ್ಷದ ಹಿಂದೆ ಒಂದು ಮಳೆಯ ಸಂಜೆ ಮಗಳು ದುಪಟ್ಟಾದಲ್ಲಿ ಸುತ್ತಿಕೊಂಡು ತಂದಳು. ಕೆಂಚು ಬಣ್ಣದ, ಅಂಗೈಯಗಲದ ಮರಿ. ಹೆಸರು ಗುಂಡ.

ವರ್ಷ ತುಂಬುವುದರೊಳಗೆ ಗುಂಡ ನನಗೆ ದೊಡ್ಡ ನಷ್ಟವನ್ನೇ ಮಾಡಿದ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ದಿನ ಬಾಕಿ. ಹಸಿರು ಮೈಸೂರು ಸಿಲ್ಕಿಗೆ ಮಣಿ ಸೇರಿಸಿ ಕಟ್ಟಿದ ಕುಚ್ಚು ಮುಗಿದಿತ್ತು. ಹಾಲು ಉಕ್ಕಿದ ಸದ್ದಿಗೆ ಅಡುಗೆಮನೆಗೆ ಓಡಿ ಬರುವಷ್ಟರಲ್ಲಿ ಗುಂಡ ಅಂಗಾತ ಮಲಗಿ, ಸೆರಗನ್ನು ಮುಂಗಾಲುಗಳಲ್ಲಿ ತಬ್ಬಿಕೊಂಡು, ಹಿಂಗಾಲುಗಳಿಂದ ಒದೆಯುತ್ತಿದ್ದ. ಮಣಿಗಳು ಮಂಚದ ಕೆಳಗೆ ಉರುಳುತ್ತಿದ್ದವು. ಝರಿ ಎಳೆ ಒಂದು ಗೇಣು ಹೊರಗೆ ಬಂದಿತ್ತು. ಗಿರಾಕಿಗೆ ಸೀರೆಯ ಹಣ ಕಟ್ಟಿಕೊಟ್ಟೆ. ಅತ್ತೆ ಜಪಮಣಿ ಎಣಿಸುತ್ತಲೇ, "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈ ಮನೆಯಲ್ಲಿ ಇಲಿ ನೀನೇ" ಎಂದರು.

ಮೊದಲು ಗದರಿದೆ. ಆಮೇಲೆ ಯಾರೋ ಹೇಳಿದರೆಂದು ನೀರು ಚಿಮುಕಿಸಿದೆ. ಅದರಿಂದ ಅವನು ಕಲಿತದ್ದು ಒಂದೇ: ನಾನಿಲ್ಲದಾಗ ಮಾಡಬೇಕು. ಕೊನೆಗೆ ಆರ್ಡರ್ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ಅವನ ಲೆಕ್ಕವನ್ನೂ ಬರೆಯತೊಡಗಿದೆ. ಎಷ್ಟು ಗಂಟೆಗೆ, ಯಾವುದರ ಮೇಲೆ, ಹೇಗೆ ಶುರುವಾಯಿತು, ಹೇಗೆ ನಿಂತಿತು. ಬೈಯುವುದಕ್ಕೆ ಸಾಕ್ಷಿ ಕೂಡಿಸುವುದೇ ನನ್ನ ಉದ್ದೇಶವಾಗಿತ್ತು, ಸುಳ್ಳೇಕೆ ಹೇಳಲಿ.

ಮೂರು ವಾರ ಬರೆದ ಮೇಲೆ ಪುಟ ತಿರುವಿದರೆ ಗಂಟೆಗಳೇ ಎದ್ದು ಕಂಡವು. ಬೆಳಗಿನ ಜಾವ ಐದರಿಂದ ಆರೂವರೆ, ಸಂಜೆ ಆರರಿಂದ ಎಂಟು. ಮಧ್ಯಾಹ್ನವಿಡೀ ಅದೇ ಸೆರಗು ಅದೇ ಜಾಗದಲ್ಲಿ ತೂಗುತ್ತಿದ್ದರೂ ಅವನು ಕಣ್ಣೆತ್ತಿ ನೋಡಿರಲಿಲ್ಲ. ಪ್ರಾಣಿಶಾಸ್ತ್ರ ಓದುತ್ತಿರುವ ಮಗಳು ಇದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದಳು. ಬೆಕ್ಕು ನಸುಬೆಳಕಿನ ಬೇಟೆಗಾರ, ಇಲಿಗಳು ಓಡಾಡುವ ಹೊತ್ತಿಗೆ ಅದರ ಮೈ ಎಚ್ಚರಗೊಳ್ಳುತ್ತದೆ. ನಾನೋ, ಮನೆಗೆಲಸ ಮುಗಿಸಿ ಸಂಜೆ ಆರಕ್ಕೇ ಕುಚ್ಚಿಗೆ ಕೂರುವವಳು. ಅವನ ಬೇಟೆಯ ಹೊತ್ತಿಗೆ ಸರಿಯಾಗಿ ನಾನೇ ಅವನ ಮೂಗಿನ ಮುಂದೆ ಎಳೆಗಳನ್ನು ಆಡಿಸುತ್ತಿದ್ದೆ!

ಇನ್ನೊಂದು ಸಂಗತಿ ಹೊಳೆಯಲು ಹೆಚ್ಚು ದಿನ ಹಿಡಿಯಿತು. ಅವನ ಆಟಕ್ಕೆ ಒಂದು ಕ್ರಮವಿತ್ತು. ಮೊದಲು ನೆಟ್ಟ ನೋಟ, ಕಣ್ಣಿನ ಪಾಪೆ ಅಗಲ. ಆಮೇಲೆ ಹೊಟ್ಟೆ ನೆಲಕ್ಕೆ ತಾಗುವಂತೆ ತಗ್ಗಿ ಹೊಂಚು. ನೆಗೆಯುವ ಮುಂಚೆ ಹಿಂಭಾಗವನ್ನು ಅತ್ತಿತ್ತ ಕುಣಿಸುವ ಆ ತಮಾಷೆ. ನೆಗೆತ, ಮುಂಗಾಲಿನ ಹಿಡಿತ, ಹಿಂಗಾಲಿನ ಒದೆತ, ಕೊನೆಗೆ ಕಚ್ಚು. ಕಾಗದದ ಉಂಡೆಯಾಗಲಿ, ಮಗಳ ಕಾಲ್ಬೆರಳಾಗಲಿ, ನನ್ನ ಕುಚ್ಚಾಗಲಿ, ಮೆಟ್ಟಿಲು ಅವೇ. ಕಾಲ ಬಳಿ ಹೊರಳಿ ಹೊಟ್ಟೆ ತೋರಿಸುವವನು ಸವರಲು ಹೋದರೆ ಕೈಯನ್ನೇ ತಬ್ಬಿ ಒದೆಯುತ್ತಿದ್ದುದರ ಗುಟ್ಟೂ ಇದರಲ್ಲೇ ಇತ್ತು. ಹೊಟ್ಟೆಗೆ ಕೈ ತಾಗಿದೊಡನೆ ಬೇಟೆ ಕೈಗೆ ಸಿಕ್ಕಿತೆಂದೇ ಅವನ ಲೆಕ್ಕ. ಆ ಚಾಳಿಗೆ ಗೊಬ್ಬರ ಹಾಕಿದವರೂ ನಾವೇ. ಅವನು ಮರಿಯಾಗಿದ್ದಾಗ ಮಗಳು ಬೆರಳು ಆಡಿಸಿ ಕುಸ್ತಿ ಹಿಡಿಯುತ್ತಿದ್ದಳು. ಅಂಗೈಯಗಲದ ಮರಿ ಕಚ್ಚಿದರೆ ಕಚಗುಳಿ. ನಾಲ್ಕು ಕಿಲೋ ತೂಗುವ ಗಂಡು ಬೆಕ್ಕು ಕಚ್ಚಿದರೆ ಟಿಂಚರು.

ಅತ್ತೆಯ ಗಾದೆಯ ಬಗ್ಗೆ ನನಗೆ ಈಗ ತಕರಾರಿದೆ. ಒಂದು ಬೆಳಗ್ಗೆ ಹಸಿದ ಹೊಟ್ಟೆಯಲ್ಲಿದ್ದ ಗುಂಡ ಚಿಕ್ಕ ಇಲಿಯೊಂದನ್ನು ಹಿಡಿದ. ಚೆಲ್ಲಾಟವೇ ಇಲ್ಲ, ಒಂದೇ ಕಚ್ಚಿಗೆ ಮುಗಿಸಿದ. ಇನ್ನೊಂದು ದಿನ ಹೊಟ್ಟೆ ತುಂಬಿದ್ದಾಗ ಹಿತ್ತಿಲಲ್ಲಿ ಸಿಕ್ಕಿದ್ದು ದಪ್ಪ ಇಲಿ. ಅದನ್ನು ಪಂಜದಿಂದ ತಟ್ಟುವುದು, ಹಿಂದಕ್ಕೆ ಹಾರುವುದು, ಮತ್ತೆ ತಟ್ಟುವುದು. ಕಾಲು ಗಂಟೆ ಇದೇ ನಡೆಯಿತು. ಹತ್ತಿರ ನಿಂತು ನೋಡಿದರೆ ಅದು ಮೋಜಿನ ಮುಖವಾಗಿರಲಿಲ್ಲ. ಇಲಿ ತಿರುಗಿ ಕಚ್ಚಬಲ್ಲದು, ಕಣ್ಣಿಗೇ ಹಲ್ಲು ಹಾಕಬಲ್ಲದು. 1979ರ ಒಂದು ಅಧ್ಯಯನದಲ್ಲಿ ಕಂಡದ್ದೂ ಇದೇ ಎಂದು ಮಗಳು ಓದಿ ಹೇಳಿದಳು: ಹಸಿವು ಹೆಚ್ಚಿದಷ್ಟೂ ಬೆಕ್ಕು ಬೇಗ ಕೊಲ್ಲುತ್ತದೆ, ಬೇಟೆ ದೊಡ್ಡದಾದಷ್ಟೂ ಕೊಲ್ಲಲು ಹಿಂಜರಿಯುತ್ತದೆ. ಇಲಿಗೆ ಪ್ರಾಣಸಂಕಟ ನಿಜ, ಆದರೆ ಬೆಕ್ಕಿನದು ಅರ್ಧ ಭಯ. ಅತ್ತೆ ಇದನ್ನು ಒಪ್ಪಲಿಲ್ಲ.

ಇಷ್ಟು ತಿಳಿದ ಮೇಲೂ ನಾನು ಒಂದು ತಪ್ಪು ಮಾಡಿದೆ. ಕೆಂಪು ಬೆಳಕಿನ ಚುಕ್ಕಿ ಬಿಡುವ ಲೇಸರ್ ಕಡ್ಡಿ ಕೊಂಡು ತಂದೆ. ಕೂತಲ್ಲೇ ಆಡಿಸಬಹುದು, ಕೈಗೆ ಗಾಯವಿಲ್ಲ. ಗುಂಡ ಗೋಡೆ ಹತ್ತಿ ಇಳಿದ. ಆದರೆ ಆರಿಸಿದ ಮೇಲೆ ಅರ್ಧ ಗಂಟೆ ಗೋಡೆಯ ಬುಡವನ್ನೇ ಮೂಸುತ್ತಾ ಕೂತ. ವಾರ ಕಳೆಯುವುದರೊಳಗೆ ಸ್ಟೀಲ್ ತಟ್ಟೆಯಿಂದ ಬೆಳಕು ಚಾವಣಿಗೆ ಹೊಡೆದರೂ ಬೆಚ್ಚಿ ಅತ್ತ ನೆಗೆಯತೊಡಗಿದ. ಹಿಡಿತವಿಲ್ಲ, ಒದೆತವಿಲ್ಲ, ಕಚ್ಚಿಲ್ಲ. ಹೊಂಚಿನಿಂದ ನೆಗೆತದವರೆಗೆ ಎಳೆದೊಯ್ದು ಅಲ್ಲೇ ಕೈಬಿಟ್ಟ ಆಟ ಅದು. ಕಡ್ಡಿಯನ್ನು ಕಪಾಟಿನ ಮೇಲಕ್ಕೆ ಎಸೆದೆ.

ಅದಕ್ಕಿಂತ ದೊಡ್ಡ ತಪ್ಪು ದಾರದ್ದು. ಬೆಕ್ಕು ದಾರದೊಂದಿಗೆ ಆಡುವುದು ಚಿತ್ರದಲ್ಲಿ ಬಹಳ ಚೆಂದ. ನಾನೂ ಕತ್ತರಿಸಿದ ರೇಷ್ಮೆ ತುಂಡುಗಳನ್ನು ಅವನ ಕಡೆ ಎಸೆಯುತ್ತಿದ್ದೆ, ಕುಚ್ಚನ್ನು ಬಿಟ್ಟು ಅದರ ಹಿಂದೆ ಹೋಗಲಿ ಎಂದು. ಒಂದು ದಿನ ವಾಂತಿ ಶುರುವಾಯಿತು. ಮರುದಿನ ಮೀನಿನ ವಾಸನೆಗೂ ತಲೆ ಎತ್ತಲಿಲ್ಲ. ಪಶುವೈದ್ಯರು ಬಾಯಿ ತೆರೆದು ನಾಲಗೆಯ ಬುಡವನ್ನು ಎತ್ತಿ ತೋರಿಸಿದರು. ನನ್ನದೇ ನೇರಳೆ ರೇಷ್ಮೆ ಅಲ್ಲಿ ಸುತ್ತಿಕೊಂಡಿತ್ತು, ಇನ್ನೊಂದು ತುದಿ ಕರುಳಿನಲ್ಲಿ. ಬೆಕ್ಕಿನ ನಾಲಗೆಯ ಮುಳ್ಳುಗಳು ಒಳಮುಖವಾಗಿವೆ, ಸಿಕ್ಕಿದ ದಾರವನ್ನು ಉಗುಳಲು ಅದಕ್ಕೆ ಸುಲಭವಿಲ್ಲ, ನುಂಗುತ್ತಲೇ ಹೋಗುತ್ತದೆ ಎಂದರು. ಲಂಗದ ಲಾಡಿ ಎಳೆದರೆ ಬಟ್ಟೆ ಹೇಗೆ ನೆರಿಗೆ ಕಟ್ಟುತ್ತದೋ ಹಾಗೆ ಕರುಳು ದಾರದ ಮೇಲೆ ನೆರಿಗೆಯಾಗಿತ್ತು. ಹೊಟ್ಟೆ ಕೊಯ್ದು ತೆಗೆದರು. ದಾರದ ತುದಿ ಬಾಯಲ್ಲಾಗಲಿ ಹಿಂದೆಯಾಗಲಿ ಕಂಡರೆ ಎಂದೂ ಎಳೆಯಬಾರದು, ಕರುಳು ಕೊಯ್ದುಹೋಗುತ್ತದೆ, ತಕ್ಷಣ ಕರೆದುಕೊಂಡು ಬರಬೇಕು ಎಂದು ಅವರು ಹೇಳಿದ್ದನ್ನು ನಾನು ಆರ್ಡರ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಹತ್ತು ದಿನ ಅವನು ಹೊಲಿಗೆ ನೆಕ್ಕದಂತೆ ಕೊರಳಪಟ್ಟಿ ಹಾಕಿಕೊಂಡು ಬಾಗಿಲಿಗೆಲ್ಲ ಡಿಕ್ಕಿ ಹೊಡೆಯುತ್ತಿದ್ದ. ನಾನು ಕೆಲಸ ಮುಟ್ಟಲಿಲ್ಲ.

ಈಗ ಕತ್ತರಿಸಿದ ಪ್ರತಿ ಎಳೆಯೂ ಮುಚ್ಚಳದ ಡಬ್ಬಿಗೆ ಬೀಳುತ್ತದೆ. ಮುಡಿಯಿಂದ ತೆಗೆದ ಮಲ್ಲಿಗೆ ದಂಡೆಯ ದಾರವೂ, ರಬ್ಬರ್ ಬ್ಯಾಂಡೂ ಹಾಗೆಯೇ. ಮುಗಿದ ಸೆರಗಿಗೆ ಹಳೆಯ ಹೊದಿಕೆಯ ಮುಸುಕು.

ಆಟಕ್ಕೆ ನಾನೇ ಒಂದು ಕೋಲು ಮಾಡಿಕೊಂಡೆ. ಒಂದು ಮೊಳದ ಬಿದಿರ ಕಡ್ಡಿ, ತುದಿಗೆ ದಾರದ ಬದಲು ಎರಡು ಬೆರಳಗಲದ ಹತ್ತಿ ಬಟ್ಟೆಯ ಪಟ್ಟಿ, ಅದರ ಕೊನೆಗೆ ಗಂಟು. ಆಡಿಸುವುದರಲ್ಲೂ ಹದವಿದೆ. ಮಗಳ ಅಪ್ಪ ಪಟ್ಟಿಯನ್ನು ಬೆಕ್ಕಿನ ಮೂಗಿಗೇ ತಾಗಿಸಿ ಅಲ್ಲಾಡಿಸುತ್ತಿದ್ದರು. ಗುಂಡ ಮುಖ ತಿರುಗಿಸುತ್ತಿದ್ದ. ಒಂದು ಗೇಣಿಗಿಂತ ಹತ್ತಿರದ್ದು ಬೆಕ್ಕಿನ ಕಣ್ಣಿಗೆ ಮಸುಕು, ಅಷ್ಟು ಸಮೀಪದಲ್ಲಿ ಅದು ಮೀಸೆಯನ್ನು ಮುಂದಕ್ಕೆ ಚಾಚಿ ತಡವಿ ತಿಳಿಯುತ್ತದೆ. ಅಲ್ಲದೆ ತಾನಾಗಿಯೇ ಬೆಕ್ಕಿನ ಬಾಯಿಗೆ ಬರುವ ಇಲಿ ಯಾವುದಿದೆ? ಪಟ್ಟಿ ಅವನಿಂದ ದೂರ ಸರಿಯಬೇಕು. ಚಾಪೆಯ ಅಂಚಿನಲ್ಲಿ ಹರಿದು, ಪರದೆಯ ಹಿಂದೆ ಅರ್ಧ ಮರೆಯಾಗಿ, ಅಲ್ಲಿ ನಿಲ್ಲಬೇಕು. ನಿಂತಾಗಲೇ ಅವನ ಹಿಂಭಾಗ ಕುಣಿಯತೊಡಗುವುದು. ಅವಸರಪಟ್ಟು ಎಳೆದರೆ ಆಟ ಕೆಟ್ಟಿತು. ಕಡೆಗೆ ಅವನು ಹಿಡಿಯಲೇಬೇಕು. ಹಿಡಿದಾಗ ಬಿಟ್ಟುಕೊಟ್ಟು ಒದೆಯಲು ಬಿಡುತ್ತೇನೆ. ಇದಕ್ಕೆಂದೇ ಹಳೆಯ ಕಾಲುಚೀಲಕ್ಕೆ ಹತ್ತಿ ತುಂಬಿ ಉದ್ದನೆಯ ದಿಂಬು ಹೊಲಿದಿದ್ದೇನೆ, ಗೀರೆಲ್ಲ ಅದಕ್ಕೇ.

ಆಟ ಮುಗಿದ ಕೂಡಲೇ ಊಟ. ಈ ಕ್ರಮ ನನಗೆ ಹೊಳೆದದ್ದಲ್ಲ. ಹಸಿದ ಬೆಕ್ಕು ಆಟಿಕೆಯ ಮೇಲೂ ಹೆಚ್ಚು ರೋಷದಿಂದ ಎರಗುತ್ತದೆ ಎಂಬುದನ್ನು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರಾಡ್‌ಷಾ ಮತ್ತು ಸಂಗಡಿಗರು ತೋರಿಸಿದ್ದಾರೆ. ಹಾಗಿದ್ದರೆ ಮೊದಲು ಬೇಟೆ, ಆಮೇಲೆ ತಟ್ಟೆ. ತಿಂದು, ಮೈ ನೆಕ್ಕಿಕೊಂಡು, ಮಲಗುತ್ತಾನೆ. ಸಂಜೆ ಐದೂಮುಕ್ಕಾಲಿಗೆ ಹತ್ತು ನಿಮಿಷ ಕೊಟ್ಟರೆ ನನಗೆ ಎರಡು ಗಂಟೆ ನೆಮ್ಮದಿಯ ಕೆಲಸ. ರಾತ್ರಿ ಮಲಗುವ ಮುಂಚೆ ಇನ್ನೊಂದು ಸುತ್ತು ಸೇರಿಸಿದ ಮೇಲೆ ಬೆಳಗಿನ ಜಾವದ ಕಾಲ್ಬೆರಳ ಬೇಟೆಯೂ ಇಳಿಯಿತು. ಪೂರ್ತಿ ನಿಂತಿದೆ ಎನ್ನಲಾರೆ, ಕಾರ್ತಿಕದ ಚಳಿಯಲ್ಲಿ ಕಾಲು ಹೊದಿಕೆಯೊಳಗೆ ಆಡಿದರೆ ಇಂದಿಗೂ ಅಪಾಯವೇ. ಹಿತ್ತಿಲಿನಿಂದ ಹಕ್ಕಿ ಹಿಡಿದು ತರುವುದು ಮಾತ್ರ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ ಐದರಿಂದ ಹತ್ತು ನಿಮಿಷ ಆಡಿಸಿದ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ. 25ರಷ್ಟು ಇಳಿದಿತ್ತಂತೆ.

ಬೆಕ್ಕಿಗೆ ಆಟಿಕೆ ಬೇಗ ಬೇಜಾರಾಗುತ್ತದೆ ಎಂದು ದೂರುವವರು ಬಹಳ. ಅದೇ ಸೌತಾಂಪ್ಟನ್ ಗುಂಪಿನ 2002ರ ಪ್ರಯೋಗದಲ್ಲಿ ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟಾಗ ಬೆಕ್ಕುಗಳು ಬಿಟ್ಟೆದ್ದವು, ಸ್ವಲ್ಪವೇ ಹೊತ್ತಿನಲ್ಲಿ ಬೇರೆ ಬಗೆಯದನ್ನು ಕೊಟ್ಟಾಗ ಮೊದಲಿಗಿಂತ ಜೋರಾಗಿ ಆಡಿದವು. ಅಂದರೆ ದಣಿದದ್ದು ಬೆಕ್ಕಲ್ಲ. ಎಷ್ಟು ಕಚ್ಚಿದರೂ ಪುಕ್ಕ ಉದುರದ, ಹರಿಯದ ವಸ್ತು ಅದಕ್ಕೆ ಬೇಟೆಯಾಗಿ ಉಳಿಯುವುದಿಲ್ಲ. ಆದ್ದರಿಂದ ನಮ್ಮಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಿದೆ. ಅಡಿಕೆ ಹಾಳೆಯ ತುಂಡು, ತೆಂಗಿನ ನಾರಿನ ಉಂಡೆ, ಬೆಳಗಿನ ಪತ್ರಿಕೆಯ ಮುದ್ದೆ, ಕೋಳಿಯ ದೊಡ್ಡ ಗರಿ. ದಿನಕ್ಕೆ ಒಂದು ಮಾತ್ರ ಹೊರಗೆ, ಉಳಿದವು ಒಳಗೆ. ಅಂಗಡಿಯಿಂದ ತಂದ ಬ್ಯಾಟರಿ ಇಲಿಗಿಂತ ಕಾಗದದ ಮುದ್ದೆಯೇ ಅವನಿಗೆ ಪ್ರೀತಿ. ಅದನ್ನು ಎಸೆದರೆ ಕಚ್ಚಿ ತಂದು ನನ್ನ ಮಡಿಲಲ್ಲಿ ಹಾಕುತ್ತಾನೆ. ಇದನ್ನು ಅವನಿಗೆ ಯಾರೂ ಕಲಿಸಲಿಲ್ಲ. ಹೀಗೆ ತಂದುಕೊಡುವ 1,154 ಬೆಕ್ಕುಗಳ ಬಗ್ಗೆ ಸಾಕಿದವರನ್ನು ಕೇಳಿ 2023ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲೂ ಶೇ. 94ಕ್ಕೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಆದರೆ ಆರನೆಯ ಬಾರಿ ತರುವುದೋ ಬೇಡವೋ ಎಂಬ ತೀರ್ಮಾನ ಗುಂಡನದೇ.

ಕುಪ್ಪಿಗಿಡದ ಸಂಗತಿ ಅತ್ತೆಯ ಶೋಧ. ಹೊರದೇಶದ ಬೆಕ್ಕಿನ ಸೊಪ್ಪು, ಕ್ಯಾಟ್‌ನಿಪ್, ಒಣಗಿಸಿದ್ದನ್ನು ಮಗಳು ತರಿಸಿದ್ದಳು. ಗುಂಡ ಮೂಸಿ ಎದ್ದುಹೋದ. ಸುಮಾರು ಮೂರರಲ್ಲಿ ಒಂದು ಬೆಕ್ಕಿಗೆ ಅದು ಹತ್ತುವುದೇ ಇಲ್ಲವಂತೆ, ಹುಟ್ಟಿನಿಂದ ಬರುವ ಗುಣ. ಅದಾದ ಕೆಲವು ದಿನಕ್ಕೆ ಅತ್ತೆ ತುಳಸಿ ಕುಂಡದ ಕಳೆ ಕೀಳುತ್ತಿದ್ದರು. ಕಿತ್ತೆಸೆದ ಕುಪ್ಪಿಗಿಡದ ಬೇರಿಗೆ ಗುಂಡ ಕೆನ್ನೆ ಉಜ್ಜಿ, ಜೊಲ್ಲು ಸುರಿಸಿ, ಹೊರಳಾಡಿಬಿಟ್ಟ. ತಮಿಳಿನಲ್ಲಿ ಈ ಗಿಡಕ್ಕೆ ಬೆಕ್ಕು ಅಡ್ಡಬೀಳುವ ಗಿಡ ಎನ್ನುವ ಅರ್ಥದ ಹೆಸರೇ ಇದೆ. ಅತ್ತೆ ಒಂದು ಮಾತೂ ಆಡದೆ ನನ್ನ ಮುಖ ನೋಡಿದರು. ಈಗ ಕುಂಡವೊಂದರಲ್ಲಿ ಕಳೆಯನ್ನೇ ಬೆಳೆಸುತ್ತಿದ್ದಾರೆ.

ಗುಂಡ ಖಾಲಿ ಮೂಲೆಯನ್ನು ದಿಟ್ಟಿಸಿ ಕೂತರೆ ಅಲ್ಲಿ ಯಾರೋ ಇದ್ದಾರೆ ಎಂಬ ಅವರ ನಂಬಿಕೆಯನ್ನು ಮಾತ್ರ ಅಲುಗಾಡಿಸಲು ಆಗಿಲ್ಲ. ಮನುಷ್ಯರ ಕಿವಿ ಇಪ್ಪತ್ತು ಕಿಲೋಹರ್ಟ್ಜ್‌ಗೆ ನಿಂತುಬಿಡುತ್ತದೆ, ಬೆಕ್ಕಿನದು ಅರವತ್ತನ್ನೂ ದಾಟುತ್ತದೆ, ಗೋಡೆಯೊಳಗಿನ ಇಲಿಮರಿಯ ಕೀಚಲು ಅದಕ್ಕೆ ಕೇಳುತ್ತದೆ ಎಂದು ಮಗಳು ವಿವರಿಸಿದಳು. "ಆಗಲಿ, ಇಲಿಯ ರೂಪದಲ್ಲಿ ಬಂದಿರಬಹುದು" ಎಂದರು.

ಈ ಸಲದ ವರಮಹಾಲಕ್ಷ್ಮಿಗೆ ಹನ್ನೊಂದು ಸೀರೆಗಳಿದ್ದವು. ಒಂದು ಸಂಜೆ ಕೋಲು ಹಿಡಿಯಲು ಬಿಡುವಾಗದೆ ಗಂಟಿಗೆ ಗಂಟು ಹಾಕುತ್ತಾ ಕೂತಿದ್ದೆ. ಐದೂಮುಕ್ಕಾಲಾಯಿತು. ಆರಾಯಿತು. ಸೆರಗಿನ ಕೆಳಗೆ ಗುಂಡ ಇನ್ನೂ ಬಂದಿಲ್ಲವಲ್ಲ ಎಂದು ತಲೆ ಎತ್ತಿದೆ. ಪಡಸಾಲೆಯಲ್ಲಿ ಅತ್ತೆ ಜಪಮಣಿ ಹಿಡಿದು ಅಡ್ಡಾಡುತ್ತಿದ್ದರು. ಹತ್ತಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸದೆ ನೆಲದ ಮೇಲೆ ಎಳೆದಾಡುತ್ತಿತ್ತು. ಹಿಂದೆ ಮೂರು ಅಡಿ ದೂರದಲ್ಲಿ, ಹೊಟ್ಟೆ ತಗ್ಗಿಸಿಕೊಂಡು ಗುಂಡ. ಅತ್ತೆ ತಿರುಗಿ ನೋಡಲಿಲ್ಲ. ಬಾಗಿಲ ಪರದೆಯ ಬಳಿ ಬಂದಾಗ ಮಾತ್ರ ನಡಿಗೆ ನಿಧಾನವಾಯಿತು, ಸೆರಗಿನ ತುದಿ ಪರದೆಯ ಹಿಂದೆ ಅರ್ಧ ಮರೆಯಾಯಿತು, ಅಲ್ಲಿ ನಿಂತಿತು.