ಲೆನ್ಸ್ ಸತ್ತ ಪಿಎಸ್2ಗೆ ಎರಡನೇ ಸ್ಲಾಟೇ ಸಾಕು: ನನ್ನ ಅನುಭವ

ಕಲಬುರಗಿಯಲ್ಲಿ ಡಿಸ್ಕ್ ಓದುವ ಲೆನ್ಸ್ ಹೋದ ಸ್ಲಿಮ್ ಪಿಎಸ್2 (ಪ್ಲೇಸ್ಟೇಷನ್ 2 ಗೇಮ್ ಕನ್ಸೋಲ್) ಅಂದರೆ ಗುಜರಿ ಲೆಕ್ಕ. ಸೂಪರ್ ಮಾರ್ಕೆಟ್ ಸುತ್ತ ವಿಚಾರಿಸಿದರೆ ಸಾವಿರ, ಸಾವಿರದೈನೂರಕ್ಕೆ ಸಿಗುತ್ತದೆ. ಹೊಸ ಲೆನ್ಸ್ ಕೂಡಿಸಲು ಹೆಚ್ಚುಕಡಿಮೆ ಅಷ್ಟೇ ದುಡ್ಡು, ನಮ್ಮ ಧೂಳಿಗೆ ಅದು ಎಷ್ಟು ದಿನ ಬಾಳುತ್ತದೋ ಭರವಸೆ ಇಲ್ಲ. ಮೆಮೊರಿ ಕಾರ್ಡ್ ಸ್ಲಾಟಿನಿಂದಲೇ ಆಟ ಓಡಿಸುತ್ತೇನೆ ಅಂದಾಗ "ಪೆನ್‌ಡ್ರೈವ್‌ನ್ಯಾಗೇ ನೆಟ್ಟಗೆ ಓಡಂಗಿಲ್ಲ, ಇದ್ರಾಗೇನ್ ಓಡ್ತದ್ರಿ" ಅಂದವರೇ ಎಲ್ಲ. ಈಗ ನೋಡಲು ಬರುವವರೂ ಅವರೇ.

ಪೆನ್‌ಡ್ರೈವ್ ಬಗ್ಗೆ ಅವರ ಮಾತು ಖರೆ. ಪಿಎಸ್2 ಯುಎಸ್‌ಬಿ 1.1, ಅಂದರೆ 12 ಮೆಗಾಬಿಟ್. ಕೈಗೆ ಸಿಗುವುದು ಸೆಕೆಂಡಿಗೆ ಒಂದು ಎಂಬಿ ಆಸುಪಾಸು. 3.0 ಡ್ರೈವ್ ಹಚ್ಚಿದರೂ ಅಷ್ಟೇ, ಹಾರ್ಡ್ ಡಿಸ್ಕ್ ಹಚ್ಚಿದರೂ ಅಷ್ಟೇ. ಆಟ ನಡೆಯುತ್ತದೆ, ಕಟ್‌ಸೀನ್ (ಆಟದ ನಡುವಿನ ವಿಡಿಯೋ) ಬಂದ ಕೂಡಲೇ ದನಿ ಹರಿದು ಹರಿದು ಬರುತ್ತದೆ.

ನಡುವೆ ಲ್ಯಾನ್ ಕೂಡ ಹಚ್ಚಿ ನೋಡಿದೆ. ಸ್ಲಿಮ್‌ನಲ್ಲಿ 100 ಮೆಗಾಬಿಟ್ ಪೋರ್ಟ್ ಹುಟ್ಟಿನಿಂದಲೇ ಇದೆ. ಹಳೆ ಲ್ಯಾಪ್‌ಟಾಪಿನಿಂದ ಎಸ್‌ಎಂಬಿ (ನೆಟ್‌ವರ್ಕಿನಲ್ಲಿ ಕಡತ ಹಂಚುವ ವಿಧಾನ) ಹಂಚಿಕೆ ಮಾಡಿದರೆ ಕಟ್‌ಸೀನ್ ಬೆಣ್ಣೆಯ ಹಾಗೆ ಜಾರುತ್ತದೆ. ವೇಗದಲ್ಲಿ ಇದನ್ನು ಮೀರಿಸುವುದು ಸ್ಲಾಟಿಗೂ ಆಗದು, ಒಪ್ಪುತ್ತೇನೆ. ಆದರೆ ಡಿಸ್ಕ್ ಇಲ್ಲದೆ ಆಟ ಓಡಿಸುವ ಓಪಿಎಲ್ (ಓಪನ್ ಪಿಎಸ್2 ಲೋಡರ್) ಸಾಫ್ಟ್‌ವೇರ್ ಕೇಳುವುದು ಹಳೆಯ ಎಸ್‌ಎಂಬಿ 1, ಹೊಸ ವಿಂಡೋಸ್‌ನಲ್ಲಿ ಅದು ಮುಚ್ಚಿಯೇ ಬರುತ್ತದೆ, ತೆರೆಯಬೇಕು. ಮೇಲಾಗಿ ಕರೆಂಟ್ ಹೋದಾಗ ಟಿವಿ, ಕನ್ಸೋಲ್, ಲ್ಯಾಪ್‌ಟಾಪ್ ಮೂರನ್ನೂ ಇನ್ವರ್ಟರ್ ಹೊರಬೇಕು. ಎತ್ತಿಕೊಂಡು ಬೇರೆ ಮನೆಗೆ ಒಯ್ಯುವ ಮಾತಂತೂ ಇಲ್ಲ.

ಹಾಗಾಗಿ ಎಂಎಕ್ಸ್4ಎಸ್‌ಐಒ, ಅಂದರೆ ಮೆಮೊರಿ ಕಾರ್ಡ್ ಸ್ಲಾಟಿಗೆ ಎಸ್‌ಡಿ ಕಾರ್ಡ್ ಕೂಡಿಸುವ ಅಡಾಪ್ಟರ್. ಒಂದನೇ ಸ್ಲಾಟಿನಲ್ಲಿ ಎಫ್‌ಎಂಸಿಬಿ (ಫ್ರೀ ಎಂಸಿಬೂಟ್, ಡಿಸ್ಕ್ ಇಲ್ಲದೆ ಓಪಿಎಲ್ ತೆರೆಯಲು ಬಿಡುವ ಸಾಫ್ಟ್‌ವೇರ್) ಹಾಕಿದ 8 ಎಂಬಿ ಮೆಮೊರಿ ಕಾರ್ಡ್, ಎರಡನೆಯದರಲ್ಲಿ ಈ ಅಡಾಪ್ಟರ್, ಅದರೊಳಗೆ ಮೈಕ್ರೋ ಎಸ್‌ಡಿ. ಸ್ಲಾಟ್ ಅದಲುಬದಲು ಮಾಡಿದರೆ ಓಪಿಎಲ್‌ಗೆ ಕಾಣುವುದೇ ಇಲ್ಲ. ಬಯಾಸ್ (ಕನ್ಸೋಲಿನೊಳಗಿನ ಮೂಲ ಸಾಫ್ಟ್‌ವೇರ್) 2.30 ಇರುವ 90000 ಸರಣಿಗೆ ಎಫ್‌ಎಂಸಿಬಿ ನಡೆಯದು, ಅಲ್ಲಿ ಅದೇ ಕೆಲಸ ಮಾಡುವ ಓಪನ್‌ಟೂನಾ ಹಾಕಿದೆ. ಡಿವಿಡಿಯಿಂದ ಇದೇ ಕೆಲಸ ಮಾಡುವ ಫ್ರೀಡಿವಿಡಿಬೂಟ್ ಸಲಹೆ ಕೊಡುವವರು ಒಂದು ನೆನಪಿಡಲಿ: ಅದಕ್ಕೆ ಲೆನ್ಸ್ ಜೀವಂತ ಇರಬೇಕು.

ಖರ್ಚು ನೆನಪಿನಿಂದ ಹೇಳುತ್ತಿದ್ದೇನೆ. ಅಡಾಪ್ಟರ್ ಐನೂರರ ಆಸುಪಾಸು, ಎಫ್‌ಎಂಸಿಬಿ ಕಾರ್ಡ್ ನಾನೂರು, 128 ಜಿಬಿ ಎಸ್‌ಡಿ ಸಾವಿರದೊಳಗೆ. ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ. ದಂಡ ಬಿದ್ದದ್ದು ಬೇರೆ ಕಡೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ಕಳಿಸಿದ "512 ಜಿಬಿ" ಕಾರ್ಡಿನ ಒಳಗೆ 30 ಜಿಬಿಯೂ ಇರಲಿಲ್ಲ. ಇಂಥವು ಮೊದಲ ಆರೇಳು ಆಟ ಚೆನ್ನಾಗಿಯೇ ಓಡಿಸುತ್ತವೆ, ಆಮೇಲೆ ಬರೆದದ್ದು ಗಾಳಿಗೆ ಹೋಗುತ್ತದೆ. ಯಾವ ಕಾರ್ಡ್ ಬಂದರೂ ಕಾರ್ಡಿನ ನಿಜವಾದ ಜಾಗ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ ಪ್ರೋಗ್ರಾಂ ಪಿಸಿಯಲ್ಲಿ ಪೂರ್ತಿ ಓಡಿಸದೆ ಒಂದು ಆಟವನ್ನೂ ಹಾಕಬೇಡಿ. 128 ಜಿಬಿಗೆ ಎರಡು ತಾಸಿನ ಮೇಲೆ ಹಿಡಿಯುತ್ತದೆ, ಹಿಡಿಯಲಿ. ಅಗ್ಗದ ಒಂದು ಅಡಾಪ್ಟರಿನಲ್ಲಿ ಸಾಕೆಟ್ಟಿನ ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ: ಕಾರ್ಡ್ ಬೆರಳಿನಿಂದ ಒತ್ತಿದರೆ ಆಟಗಳ ಪಟ್ಟಿ ಬರುತ್ತಿತ್ತು, ಬಿಟ್ಟರೆ ಮಾಯ. ಫ್ಲಕ್ಸ್ ಸವರಿ ಸೋಲ್ಡರಿಂಗ್ ಐರನ್ನಿನ ಸಣ್ಣ ಬಿಟ್‌ನಿಂದ ಕಾಲುಗಳನ್ನು ಒಂದೊಂದಾಗಿ ಮುಟ್ಟಿಸಿದ ಮೇಲೆ ಅಲುಗಾಡಿಲ್ಲ. ಕನ್ಸೋಲಿನ ಸ್ಲಾಟನ್ನೂ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಬಟ್ಟೆಪಟ್ಟಿಯಿಂದ ಒರೆಸಿ, ನಮ್ಮ ಕೆಂಪು ಧೂಳು ಅಲ್ಲೇ ಕೂತಿರುತ್ತದೆ.

ಕಾರ್ಡ್ ತಯಾರಿಯಲ್ಲಿ ಕ್ರಮ ತಪ್ಪಬಾರದು. ಪಿಸಿಯಲ್ಲಿ ಫಾರ್ಮ್ಯಾಟ್ ಮಾಡುವಾಗ ಎಂಬಿಆರ್ ವಿಭಾಗ, ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಂ, 32 ಕೆಬಿ ಕ್ಲಸ್ಟರ್ ಆರಿಸಬೇಕು. ಎಕ್ಸ್‌ಫ್ಯಾಟ್‌ಗೆ ಓಪಿಎಲ್ 1.2.0 ಬೀಟಾ ಅಥವಾ ಅದರ ನಂತರದ್ದೇ ಬೇಕು. ಫ್ಯಾಟ್32ರ 4 ಜಿಬಿ ಮಿತಿ ಇಲ್ಲವಾದ್ದರಿಂದ ಗಾಡ್ ಆಫ್ ವಾರ್ 2ರಂಥ ಎರಡು ಪದರದ ಡಿವಿಡಿಯನ್ನು ತುಂಡು ಮಾಡುವ ಗೋಜಿಲ್ಲ. ಖಾಲಿ ಕಾರ್ಡಿಗೆ ಮೊದಲು ವಿಎಂಸಿ (ಸೇವ್ ಇಡುವ ವರ್ಚುವಲ್ ಮೆಮೊರಿ ಕಾರ್ಡ್) ಕಡತಗಳು, ಆಮೇಲೆ ದೊಡ್ಡ ಆಟ, ಕೊನೆಗೆ ಸಣ್ಣವು. ಒಂದೊಂದೇ ನಕಲು ಮಾಡಬೇಕು. ನಡುವೆ ಅಳಿಸಿ ಅದೇ ಜಾಗಕ್ಕೆ ಇನ್ನೊಂದು ತುರುಕಿದರೆ ಕಡತ ಚೂರು ಚೂರಾಗಿ ಕೂಡುತ್ತದೆ, ಚೂರು ಹೆಚ್ಚಾದರೆ ಆಟ ಏಳುವುದೇ ಇಲ್ಲ. ಬದಲಿಸಬೇಕೆಂದರೆ ನಾನು ಇಡೀ ಕಾರ್ಡ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ತುಂಬುತ್ತೇನೆ. ನೀಲಿ ಬೆನ್ನಿನ ಸಿಡಿ ಆಟಗಳು ಸಿಡಿ ಫೋಲ್ಡರಿಗೇ ಹೋಗಬೇಕು. ಡಿಸ್ಕ್ ನಿಮ್ಮದೇ ಆಗಿದ್ದರೆ ಗೀರು ಬೀಳುವ ಮೊದಲೇ ಪಿಸಿಯಲ್ಲಿ ಐಎಸ್‌ಒ (ಇಡೀ ಡಿಸ್ಕಿನ ನಕಲು ಕಡತ) ಮಾಡಿಟ್ಟುಕೊಳ್ಳಿ.

ಓಪಿಎಲ್ ಸೆಟ್ಟಿಂಗ್ಸ್‌ನ ಬ್ಲಾಕ್ ಡಿವೈಸಸ್‌ನಲ್ಲಿ ಎಂಎಕ್ಸ್4ಎಸ್‌ಐಒ ಆನ್ ಮಾಡಿ, ಬೇಡದ ಯುಎಸ್‌ಬಿ ಮುಚ್ಚಿ. ವೇಗ ಯುಎಸ್‌ಬಿಗಿಂತ ಕಣ್ಣಿಗೆ ಕಾಣುವಷ್ಟು ಹೆಚ್ಚು, ಬಹುತೇಕ ಕಟ್‌ಸೀನ್ ಸುಸೂತ್ರ. ತಡವರಿಸಿದರೆ ಓಪಿಎಲ್‌ನಲ್ಲಿ ಆ ಆಟದ ಸೆಟ್ಟಿಂಗಿಗೆ ಹೋಗಿ ಮೊದಲು ಮೋಡ್ 1, ಆಮೇಲೆ ಮೋಡ್ 2. ಮೋಡ್ 4 ವಿಡಿಯೋವನ್ನೇ ಹಾರಿಸಿಬಿಡುತ್ತದೆ, ಅದು ಕೊನೆಯ ಉಪಾಯ. ಎರಡು ಹಠಮಾರಿ ಆಟಗಳಿಗೆ ನಾನು ಐಎಸ್‌ಒ ಒಳಗೇ ಮಾಡಿದ ಕೈಚಳಕ ಒಂದಿದೆ, ಸದ್ಯಕ್ಕೆ ನನ್ನಲ್ಲೇ ಇರಲಿ.

ಸೇವ್ ಆಗುವಾಗ ಕರೆಂಟ್ ಹೋದರೆ ವಿಎಂಸಿ ಕೆಡುತ್ತದೆ, ಆಟಕ್ಕೆ ಏನೂ ಆಗುವುದಿಲ್ಲ. ವಿಎಂಸಿ ಫೋಲ್ಡರಿನ ಬಿನ್ ಕಡತಗಳನ್ನು ವಾರಕ್ಕೊಮ್ಮೆ ಪಿಸಿಗೆ ನಕಲು ಮಾಡಿಕೊಂಡರೆ ಸಾಕು. ಮೇ ತಿಂಗಳ 43 ಡಿಗ್ರಿಯಲ್ಲಿ ಮೋಟಾರು, ಲೆನ್ಸ್ ಎರಡೂ ಕೆಲಸವಿಲ್ಲದೆ ನಿಂತಿರುವುದರಿಂದ ಆ ಶಾಖವೂ ತಪ್ಪಿತು. ಹೀಟ್‌ಸಿಂಕಿನ ಪೇಸ್ಟ್ ಬದಲಿಸಿದ್ದೇನೆ, ಅಡಿಯಲ್ಲಿ ನಾಲ್ಕು ರಬ್ಬರ್ ಗುಂಡಿ ಅಂಟಿಸಿ ಗಾಳಿಗೆ ದಾರಿ ಕೊಟ್ಟಿದ್ದೇನೆ. ಮುಂದೆ ಓಪಿಎಲ್‌ನ ಜಿಎಸ್‌ಎಂನಲ್ಲಿ (ಚಿತ್ರದ ಮೋಡ್ ಬದಲಿಸುವ ಸೌಲಭ್ಯ) 480ಪಿ ನೋಡಬೇಕು. ಹಳದಿ ಕೇಬಲ್‌ನಲ್ಲಿ ಅದು ಬರುವುದಿಲ್ಲ, ಹೈದರಾಬಾದಿನ ಕೋಠಿಗೆ ಹೋದಾಗ ಕಾಂಪೊನೆಂಟ್ ಕೇಬಲ್ ತರಬೇಕು.