ತೂಬಿನ ಬಾಗಿಲಿನಿಂದ ಶುರುವಾದ ಕತೆ

ಅಕಾಡಿಯನ್ನರ ಬಗ್ಗೆ ನಾನು ಬರೆದ ಮೊದಲ ಕತೆಯ ತುಂಬ ಬರೀ ಅಳು. ಕೆನಡಾದ ಪೂರ್ವ ಕರಾವಳಿಯಲ್ಲಿ ನೆಲೆಸಿದ್ದ ಈ ಫ್ರೆಂಚ್ ರೈತರನ್ನು ಬ್ರಿಟಿಷರು 1755ರಲ್ಲಿ ಹಡಗಿಗೆ ತುಂಬಿ ಊರು ಬಿಡಿಸಿದರು. ಸೆಪ್ಟೆಂಬರ್ 5ರಂದು ಗ್ರಾನ್-ಪ್ರೇ ಊರಿನ ಗಂಡಸರನ್ನೂ ಹುಡುಗರನ್ನೂ ಚರ್ಚಿಗೆ ಕರೆಸಿದರು. 418 ಜನ ಹೋದರು. ಹೊಲ, ಮನೆ, ದನಕರು ಎಲ್ಲ ಇನ್ನು ರಾಜನದ್ದು ಎಂಬ ಆಜ್ಞೆ ಓದಿದರು. ನನ್ನ ಕತೆ ಅಲ್ಲಿಂದಲೇ ಶುರುವಾಗುತ್ತಿತ್ತು. ಓದಿದ ಗೆಳತಿ, "ಪಾಪ ಅನ್ನಿಸ್ತು. ಆದ್ರೆ ಇವರು ಎಂಥ ಜನ ಅಂತ ಗೊತ್ತಾಗ್ಲಿಲ್ಲ" ಎಂದಳು.

ಅಕಾಡಿಯನ್ ಲೇಖಕಿ ಆಂತೊನೀನ್ ಮಾಯೆ ಅವರನ್ನು ಮತ್ತೆ ಓದಿದೆ. 1979ರಲ್ಲಿ ಫ್ರಾನ್ಸಿನ ಗೊಂಕೂರ್ ಸಾಹಿತ್ಯ ಪ್ರಶಸ್ತಿ ಪಡೆದ ಅವರ 'ಪೆಲಾಜಿ-ಲಾ-ಶಾರೆತ್' ಕಾದಂಬರಿಯಲ್ಲಿ ಊರು ಬಿಟ್ಟ ದಿನಕ್ಕಿಂತ ವಾಪಸ್ ಬರುವ ದಾರಿಯೇ ಜಾಸ್ತಿ. ಅಮೆರಿಕದ ಜಾರ್ಜಿಯಾದಿಂದ ಎತ್ತಿನ ಗಾಡಿ ಹೂಡಿಕೊಂಡು ಹೊರಟ ಪೆಲಾಜಿಗೆ ಊರು ಮುಟ್ಟಲು ಹತ್ತು ವರ್ಷ ಬೇಕು. ಆ ಗಾಡಿಯಲ್ಲಿ ಜಗಳ, ನಗು, ಮುದುಕ ಹೇಳುವ ಕತೆ ಎಲ್ಲ ಇದೆ.

ನನಗೆ ಬೇಕಾದ ಎಳೆ ಸಿಕ್ಕಿದ್ದು ಮಾತ್ರ ಕೆಸರಿನಲ್ಲಿ. ಅಕಾಡಿಯನ್ನರ ಊರುಗಳಿದ್ದ ಫಂಡಿ ಕೊಲ್ಲಿಯ ಉಬ್ಬರ ಭಾರಿ. ಕೆಲವು ಕಡೆ ನೀರು 16 ಮೀಟರ್‌ವರೆಗೂ ಏರುತ್ತದೆ. ಅಂಥ ಸಮುದ್ರಕ್ಕೆ ಇವರು ಒಡ್ಡು ಕಟ್ಟಿ ಹೊಲ ಮಾಡಿದ್ದರು. ಬೇರು ಸಮೇತ ಕಡಿದ ಹುಲ್ಲಿನ ಹೆಂಟೆ ಜೋಡಿಸಿದ ಒಡ್ಡು. ಬುಡದಲ್ಲಿ ಮರದ ತೂಬು, ಒಳಗೊಂದು ತೂಗುಬಾಗಿಲು. ಅಬುವಾತೋ ಅಂತ ಅದರ ಹೆಸರು. ಇಳಿತದಲ್ಲಿ ಹೊಲದ ನೀರು ಬಾಗಿಲು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಉಬ್ಬರದಲ್ಲಿ ಸಮುದ್ರವೇ ಬಾಗಿಲು ಮುಚ್ಚುತ್ತದೆ. ಆಮೇಲೂ ಮಣ್ಣಿನ ಉಪ್ಪು ಮಳೆಗೆ ತೊಳೆದುಹೋಗಲು ಎರಡು ಮೂರು ವರ್ಷ ಕಾಯಬೇಕು. ಕುಮಟಾ ಕಡೆಯವಳು ನಾನು. ಅಘನಾಶಿನಿ ಹೊಳೆಯ ಉಪ್ಪುನೀರಿನ ಗಜನಿ ಗದ್ದೆ, ಅಲ್ಲಿ ಬೆಳೆಯುವ ಕಗ್ಗ ಭತ್ತ ನೋಡಿ ಬೆಳೆದವಳಿಗೆ ಇದು ಓದಿದ ತಕ್ಷಣ ಕಣ್ಣಿಗೆ ಕಟ್ಟಿತು.

ಹಳೇದನ್ನು ಹರಿದುಹಾಕಿ ಮತ್ತೆ ಬರೆದೆ. ಗಂಡಸರು ಚರ್ಚಿನಲ್ಲಿದ್ದಾರೆ. ತೂಬಿನ ಬಾಗಿಲಿಗೆ ಒಂದು ಕೊರಡು ಸಿಕ್ಕಿಕೊಂಡಿದೆ. ನೀರು ಏರುವ ಹೊತ್ತು. ಒಬ್ಬ ಹೆಂಗಸು ಲಂಗ ಎತ್ತಿಕಟ್ಟಿ ಕೆಸರಿಗೆ ಇಳಿಯುತ್ತಾಳೆ. ಅಷ್ಟೇ ಕತೆ. ಅವಳಿಗೆ ನಮ್ಮ ಕಡೆಯ ಮಾತು ಕೊಡಬೇಕಾ ಅಂತ ತುಂಬ ಯೋಚಿಸಿದೆ. ಕೊಟ್ಟಿದ್ದರೆ ಅವಳು ಕುಮಟಾದವಳೇ ಆಗಿಬಿಡುತ್ತಿದ್ದಳು, ಅಲ್ವಾ? ಹಾಗಾಗಿ ನೀರು, ಮಣ್ಣಿಗೆ ಮಾತ್ರ ನಮ್ಮೂರಿನ ಪದ ಇಟ್ಟುಕೊಂಡೆ.

ಫೋನಿನಲ್ಲಿ ಆಯಿಗೆ ಓದಿ ಹೇಳಿದೆ. "ಆಮೇಲೆ ಆ ಬಾಗಿಲು ನೋಡ್ಕಂಡವರು ಯಾರು?" ಎಂದಳು. 1759ರ ನವೆಂಬರಿನ ಬಿರುಗಾಳಿಗೆ ಒಡ್ಡುಗಳು ಒಡೆದವು. ಮರುವರ್ಷ ಬಂದು ಆ ಹೊಲ ಹಿಡಿದ ಅಮೆರಿಕದ ಕಡೆಯ ನ್ಯೂ ಇಂಗ್ಲೆಂಡಿನವರಿಗೆ ರಿಪೇರಿ ಗೊತ್ತಿರಲಿಲ್ಲ. ಸೆರೆಯಲ್ಲಿದ್ದ ಅಕಾಡಿಯನ್ನರನ್ನೇ ಕರೆತಂದು, ಕೂಲಿ ಕೊಟ್ಟು ಕಟ್ಟಿಸಿದರು. ಇಷ್ಟು ಹೇಳಿದಾಗ ಆಯಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಈಗ ಎರಡನೇ ಕತೆ ಬರೆಯುತ್ತಿದ್ದೇನೆ. ಅದೇ ತೂಬು, ಅದೇ ಬಾಗಿಲು.