ಮಂತ್ರಿ ಆಡಿದ ಮಾತಿಗೆ ದೇಶ ಬದ್ಧವಾ? ನನ್ನ ಅನುಭವ

ಎರಡು ದೇಶಗಳ ವ್ಯಾಜ್ಯವೊಂದರಲ್ಲಿ ಒಂದು ಕಡೆಯ ಕಾನೂನು ತಂಡದಲ್ಲಿದ್ದೆ. "ಅವರು ಮಾತು ಕೊಟ್ಟು ತಪ್ಪಿದ್ದಾರೆ" ಅನ್ನುವುದು ನಮ್ಮವರ ದೂರು. ಹಾಗಾದರೆ ಕೊಟ್ಟ ಮಾತು ಯಾವುದು? ಅದನ್ನು ಹುಡುಕಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ದೇಶಗಳ ಹೆಸರು ಹೇಳುವಂತಿಲ್ಲ, ಕೆಲಸ ಮಾಡಿದ ರೀತಿ ಹೇಳಬಹುದು.

ಮೊದಲು ಒಂದು ಪಟ್ಟಿ ಮಾಡಿದೆ. ಯಾರು ಹೇಳಿದರು, ಯಾವತ್ತು, ಯಾರ ಮುಂದೆ, ಏನು ಷರತ್ತು ಹಾಕಿದರು, ಅದನ್ನು ನಂಬಿ ನಮ್ಮವರು ಏನು ಮಾಡಿದರು. ಪತ್ರಿಕೆ ವರದಿಗಳನ್ನು ಪಕ್ಕಕ್ಕಿಟ್ಟೆ. ಮೂಲ ಭಾಷಣ, ರಾಯಭಾರ ಕಚೇರಿಯ ಪತ್ರ, ಸಭೆಯ ನಡಾವಳಿ, ಇಷ್ಟೇ ಸಾಕು. "ನಾವು ಶಾಂತಿಪ್ರಿಯರು" ಅನ್ನುವಂಥ ಸಾಲುಗಳೇ ಜಾಸ್ತಿ ಇದ್ದವು. ಅವನ್ನೆಲ್ಲ ತೆಗೆದುಹಾಕಿದೆ.

ರಾಷ್ಟ್ರಾಧ್ಯಕ್ಷ, ಪ್ರಧಾನಿ, ವಿದೇಶಾಂಗ ಮಂತ್ರಿ ಆಡಿದ ಮಾತಿಗೆ ತೂಕ ಹೆಚ್ಚು. 1919ರಲ್ಲಿ ನಾರ್ವೆಯ ವಿದೇಶಾಂಗ ಮಂತ್ರಿ ಈಲೆನ್, ಗ್ರೀನ್‌ಲ್ಯಾಂಡ್ ಮೇಲಿನ ಡೆನ್ಮಾರ್ಕ್ ಹಕ್ಕಿನ ವಿಷಯದಲ್ಲಿ ನಾವು ತೊಂದರೆ ಮಾಡುವುದಿಲ್ಲ ಎಂದು ಡೆನ್ಮಾರ್ಕ್ ಪ್ರತಿನಿಧಿಗೆ ಬಾಯಿಮಾತಲ್ಲೇ ಹೇಳಿದ್ದರು. 1933ರಲ್ಲಿ ಅಂದಿನ ಅಂತಾರಾಷ್ಟ್ರೀಯ ನ್ಯಾಯಾಲಯ, ಆ ಮಾತಿಗೆ ನಾರ್ವೆ ಬದ್ಧ ಎಂದಿತು. ಬೇರೆ ಖಾತೆಯ ಮಂತ್ರಿಗಳಾದರೆ, ಅದು ಅವರ ಖಾತೆಗೆ ಸೇರಿದ ವಿಷಯವಾ ಅಂತ ನೋಡಬೇಕು. ಅಂಥ ಸಾಲುಗಳಿಗೆ ಹಳದಿ ಬಣ್ಣ ಹಾಕಿಟ್ಟೆ.

ಹೆಚ್ಚು ಹೊತ್ತು ಹೋಗಿದ್ದು, ಅವರು ನಿಜವಾಗಿ ಏನು ಹೇಳಿದರು ಅನ್ನುವುದರಲ್ಲಿ. ಫ್ರಾನ್ಸಿನ ಅಣು ಪರೀಕ್ಷೆ ಪ್ರಕರಣ ನೋಡಿ. ಅದನ್ನು ನಿಲ್ಲಿಸಬೇಕೆಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ಹೇಗ್ ನಗರದಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. ಫ್ರಾನ್ಸ್ ಕೋರ್ಟಿಗೇ ಬರಲಿಲ್ಲ. ಆದರೆ ಅದರ ಅಧ್ಯಕ್ಷರು ಮತ್ತು ಮಂತ್ರಿಗಳು, ಇನ್ನು ವಾತಾವರಣದಲ್ಲಿ ಪರೀಕ್ಷೆ ನಡೆಸುವುದಿಲ್ಲ ಎಂದು ಬಹಿರಂಗವಾಗಿ ಹೇಳಿದ್ದರು. 1974ರ ಡಿಸೆಂಬರ್ 20ರಂದು ಕೋರ್ಟು, ಇದಕ್ಕೆ ಫ್ರಾನ್ಸ್ ಬದ್ಧ, ಎದುರಿನವರು ಒಪ್ಪಿಗೆ ಕೊಡಬೇಕಾಗಿಯೂ ಇಲ್ಲ, ಪ್ರತಿಯಾಗಿ ಏನೂ ಕೊಡಬೇಕಾಗಿಯೂ ಇಲ್ಲ ಎಂದು ಹೇಳಿ ಕೇಸು ಮುಗಿಸಿತು. 1995ರಲ್ಲಿ ಫ್ರಾನ್ಸ್ ನೆಲದಡಿಯಲ್ಲಿ ಪರೀಕ್ಷೆ ಮಾಡಲು ಹೊರಟಾಗ ನ್ಯೂಜಿಲೆಂಡ್ ಮತ್ತೆ ಓಡಿಬಂತು. ಹಳೆಯ ತೀರ್ಪು ವಾತಾವರಣದ ಪರೀಕ್ಷೆಗೆ ಮಾತ್ರ ಸಂಬಂಧಿಸಿದ್ದು ಎಂದು ಕೋರ್ಟು ಅದನ್ನು ವಾಪಸ್ ಕಳಿಸಿತು.

ಹಾಗಾಗಿ ನನ್ನ ಪಟ್ಟಿಯಲ್ಲಿ ಪ್ರತಿ ಮಾತಿನ ಪಕ್ಕದಲ್ಲಿ, ಅದರೊಳಗೆ ಏನು ಬರುವುದಿಲ್ಲ ಎಂದೂ ಬರೆದೆ. "ಎದುರಿನವರ ಕೆಲಸ ನಾವೇ ಮಾಡಿಕೊಡಬೇಕೇನ್ರೀ?" ಎಂದು ಹಿರಿಯರೊಬ್ಬರು ರೇಗಿದರು. ಎದುರಿನವರು ಹೇಗೂ ಅದನ್ನು ಹೇಳುತ್ತಾರೆ, ಅಲ್ವಾ?

ಬೊಲಿವಿಯಾ ಕಥೆ ಕೇಳಿದ ಮೇಲೆ ಅವರೂ ಸುಮ್ಮನಾದರು. ಸಮುದ್ರಕ್ಕೆ ದಾರಿ ಕೊಡುವ ಬಗ್ಗೆ ಚಿಲಿ ದಶಕಗಳ ಕಾಲ ಆಡಿದ್ದ ಮಾತು, ಬರೆದಿದ್ದ ಪತ್ರ ಎಲ್ಲವನ್ನೂ ಬೊಲಿವಿಯಾ ಕೋರ್ಟಿನ ಮುಂದೆ ಗುಡ್ಡೆ ಹಾಕಿತ್ತು. 2018ರಲ್ಲಿ 12-3 ಬಹುಮತದಿಂದ ಕೋರ್ಟು, ಇಷ್ಟರಿಂದ ಮಾತುಕತೆ ನಡೆಸಲೇಬೇಕೆಂಬ ಹೊಣೆ ಚಿಲಿಗೆ ಬರುವುದಿಲ್ಲ ಎಂದಿತು.

ನಮ್ಮ ಫೈಲಿನಲ್ಲೂ ಗಟ್ಟಿಯಾಗಿ ಉಳಿದದ್ದು ಒಂದು ವಾಕ್ಯ. ಕೋರ್ಟಿಗೆ ಹೋಗೋಣವೆಂದರೆ ಎದುರಿನವರ ಒಪ್ಪಿಗೆ ಇರಲಿಲ್ಲ. ಒಪ್ಪಿಗೆ ಇಲ್ಲದೆ ಹೇಗ್ ಬಾಗಿಲು ತೆರೆಯುವುದಿಲ್ಲ. ವಿಶ್ವಸಂಸ್ಥೆ ಸನ್ನದಿನ 33ನೇ ವಿಧಿಯಲ್ಲಿ ಮಾತುಕತೆ, ಮಧ್ಯಸ್ಥಿಕೆ, ರಾಜಿ, ಪಂಚಾಯ್ತಿ ಇವೆಲ್ಲ ಇವೆ. ನಾವು ಮಾತುಕತೆ ಹಿಡಿದೆವು. "ನೀವು ಮಾತಿಗೆ ಬದ್ಧ" ಎಂದು ವಾದಿಸಲು ಹೋಗಲಿಲ್ಲ. ಆ ವಾಕ್ಯವನ್ನು ಇದ್ದ ಹಾಗೇ ಪತ್ರದಲ್ಲಿ ಬರೆದು, "ಇದು ಈಗಲೂ ನಿಮ್ಮ ನಿಲುವೇ?" ಎಂದು ಕೇಳಿದೆವು. ಉತ್ತರ ತಡವಾಗಿ ಬಂತು. ಹೌದು, ಆದರೆ ಒಂದು ಹೊಸ ಷರತ್ತಿನ ಮೇಲೆ.

ಮುಂದಿನ ಸಭೆಯ ನಡಾವಳಿಯಲ್ಲಿ ಆ ಉತ್ತರ ಸೇರಿಸಿ ಇಬ್ಬರೂ ವಿದೇಶಾಂಗ ಮಂತ್ರಿಗಳ ಸಹಿ ಹಾಕಿಸಬೇಕೆಂದು ನಾನು ಹಟ ಹಿಡಿದೆ. 1990ರಲ್ಲಿ ಕತಾರ್ ಮತ್ತು ಬಹರೇನ್ ಮಂತ್ರಿಗಳು ಸಹಿ ಹಾಕಿದ ನಡಾವಳಿಯನ್ನೇ ಕೋರ್ಟು 1994ರಲ್ಲಿ ಒಪ್ಪಂದವೆಂದು ಪರಿಗಣಿಸಿತ್ತು. ಒಪ್ಪಂದ ಮಾಡಿಕೊಳ್ಳುವ ಉದ್ದೇಶ ನನಗಿರಲಿಲ್ಲ ಎಂದು ಬಹರೇನ್ ಮಂತ್ರಿ ಆಮೇಲೆ ಹೇಳಿದರೂ ಅದು ನಡೆಯಲಿಲ್ಲ. ನಮ್ಮ ನಡಾವಳಿಗೂ ಕೊನೆಗೆ ಎರಡು ಸಹಿ ಬಿದ್ದವು. ಆ ಹೊಸ ಷರತ್ತಿನ ಮೇಲೆ ಚೌಕಾಸಿ ಇನ್ನೂ ನಡೆದಿದೆ.